ಎಂಟು, ಒಂಬತ್ತು, ಹತ್ತು: ಹೈಸ್ಕೂಲಿನ ಇಂಗ್ಲಿಷ್



ಜೂನ್ ತಿಂಗಳಲ್ಲಿ ಮಂಗಳೂರಿನ ಯಾವುದಾದರೂ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹೋಗಿ, ಎಂಟನೇ ತರಗತಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಪಾಠ ಶುರುವಾಗುವ ಮೊದಲಿನ ಗದ್ದಲವನ್ನು ಕೇಳಿ. ಒಂದು ಬೆಂಚಿನಲ್ಲಿ ತುಳು, ಅದರ ಹಿಂದೆ ಬ್ಯಾರಿ, ಕಿಟಕಿಯ ಬಳಿ ಕೊಂಕಣಿ. ಬಾಗಲಕೋಟೆಯಿಂದಲೋ ಗದಗದಿಂದಲೋ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳ ಬಾಯಲ್ಲಿ ಆ ಕಡೆಯ ಕನ್ನಡ. ತಲಪಾಡಿ ಗಡಿಯ ಆಚೆಯ ಮಕ್ಕಳಿದ್ದರೆ ಮಲಯಾಳವೂ ಉಂಟು. ಟೀಚರ್ ಒಳಗೆ ಬಂದ ಕೂಡಲೇ ಅಷ್ಟೂ ಮಕ್ಕಳು ಶಾಲೆಯ ಕನ್ನಡಕ್ಕೆ ಹೊರಳುತ್ತಾರೆ. ಹೊರಳಿದ್ದು ಅವರಿಗೇ ಗೊತ್ತಾಗುವುದಿಲ್ಲ. ಇದಕ್ಕೆ ಯಾರೂ ಅವರಿಗೆ ಟ್ಯೂಷನ್ ಕೊಟ್ಟಿಲ್ಲ, ವ್ಯಾಕರಣ ಬರೆಸಿಲ್ಲ. ಹದಿಮೂರನೇ ವಯಸ್ಸಿಗೆ ಎರಡು, ಮೂರು ಭಾಷೆಗಳನ್ನು ಬರೀ ಕಿವಿಯಿಂದ ಕೇಳಿ, ಬಾಯಿಂದ ಆಡಿ ಸಂಪಾದಿಸಿದ ಮಕ್ಕಳು ಇವರು.

ಇಂಗ್ಲಿಷ್ ಪೀರಿಯಡ್ ಬರುತ್ತದೆ. ಅದೇ ಮಕ್ಕಳು ತಲೆ ತಗ್ಗಿಸುತ್ತಾರೆ.

ಈ ನಗರದ ಹೈಸ್ಕೂಲುಗಳಲ್ಲಿ ಬಹಳ ಕಾಲ ಇಂಗ್ಲಿಷ್ ಪಾಠ ಮಾಡಿದವಳು ನಾನು. ಭಾಷೆ ಕಲಿಯುವ ಶಕ್ತಿ ಇಷ್ಟು ಸಹಜವಾಗಿರುವ ಊರಿನಲ್ಲಿ ಒಂದು ಭಾಷೆ ಮಾತ್ರ ಏಕೆ ಇಷ್ಟು ಭಯ ಹುಟ್ಟಿಸಬೇಕು ಎಂಬ ಪ್ರಶ್ನೆ ನನ್ನನ್ನು ಎಂದೂ ಬಿಟ್ಟದ್ದಿಲ್ಲ. ಮಕ್ಕಳು ದಡ್ಡರೆಂದು ನಾನು ಒಪ್ಪುವುದಿಲ್ಲ. ಬೇರೆ ಭಾಷೆಗಳು ಅವರಿಗೆ ಬಂದ ದಾರಿಯೇ ಒಂದು, ಇಂಗ್ಲಿಷಿಗೆ ನಾವು ಹಾಕಿಕೊಟ್ಟ ದಾರಿಯೇ ಇನ್ನೊಂದು. ನಾನು ಇಂದು ಹೇಳಬೇಕೆಂದಿರುವುದು ಇದನ್ನೇ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಬೆಂಗ್ರೆಯವಳು. ಅತ್ತ ಕಡಲು, ಇತ್ತ ಹೊಳೆ, ನಡುವೆ ಹೊಯಿಗೆಯ ಪಟ್ಟಿಯ ಹಾಗೆ ಚಾಚಿಕೊಂಡಿರುವ ಊರು ಅದು. ದಿನವೂ ದೋಣಿಯಲ್ಲಿ ಹೊಳೆ ದಾಟಿ ಶಾಲೆಗೆ ಬರುತ್ತಿದ್ದಳು. ಮನೆಯಲ್ಲಿ ಬ್ಯಾರಿ, ನೆರೆಕರೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಬೋಟಿನಲ್ಲಿ ದುಡಿಯಲು ಬಂದ ಹೊರರಾಜ್ಯದವರೊಡನೆ ಬೇಕಾದಷ್ಟು ಹಿಂದಿ. ಇಂಗ್ಲಿಷಿನಲ್ಲಿ ಮಾತ್ರ ಅವಳ ಸ್ವರವನ್ನೇ ನಾನು ಕೇಳಿರಲಿಲ್ಲ. ಒಂದು ದಿನ ಪುಸ್ತಕ ಮುಚ್ಚಿಸಿ, "ಮೀನಿನ ದಕ್ಕೆಯಲ್ಲಿ ಬೆಳಿಗ್ಗೆ ಏನೇನು ನಡೆಯುತ್ತದೆ, ನನಗೆ ಹೇಳು. ಇಂಗ್ಲಿಷಿನಲ್ಲೇ ಹೇಳು. ಗೊತ್ತಿಲ್ಲದ ಕಡೆ ಕನ್ನಡ ಹಾಕು, ತುಳು ಹಾಕು" ಎಂದೆ.

"ತಪ್ಪಾದರೆ ಟೀಚರ್?"

"ತಪ್ಪಾಗಲಿ."

ಮೊದಲು ಬಂದದ್ದು ಬರೀ ಹೆಸರುಗಳು. ಬೋಟ್, ಡೀಸೆಲ್, ಐಸ್, ನೆಟ್, ಬಾಕ್ಸ್, ರೇಟ್, ಡ್ರೈವರ್, ಕೋಲ್ಡ್ ಸ್ಟೋರೇಜ್. ದಕ್ಕೆಯ ಕೆಲಸ ನಡೆಯುವುದೇ ಈ ಮಾತುಗಳ ಮೇಲೆ. ಅವು ಇಂಗ್ಲಿಷೆಂದು ಅವಳಿಗೆ ಅನಿಸಿಯೇ ಇರಲಿಲ್ಲ. ಆಮೇಲೆ ಕ್ರಿಯಾಪದಗಳು ಬಂದವು. ಫಾದರ್ ಗೋ ನೈಟ್. ಮಾರ್ನಿಂಗ್ ಕಮ್. ಫಿಶ್ ಸೆಲ್. ಬೂತಾಯಿ ಲೋ ರೇಟ್, ಅಂಜಲ್ ಹೈ ರೇಟ್. ಏಲಂ ಕೂಗುವವನು ದರ ಏರಿಸುವ ರೀತಿಯನ್ನು ಹೇಳುವಾಗ ಅವಳ ಕೈ ಕೂಡ ಆಡತೊಡಗಿತು. ಇಡೀ ತರಗತಿ ಅವಳ ಕಡೆ ತಿರುಗಿ ಕೇಳುತ್ತಿತ್ತು. ನಾನು ನಡುವೆ ಬಾಯಿ ಹಾಕಲಿಲ್ಲ. ಅವಳು ಹೇಳಿ ಮುಗಿಸಿದ ಮೇಲೆ ಅವಳದೇ ಮಾತುಗಳನ್ನು ಬೋರ್ಡಿನಲ್ಲಿ ಬರೆದು, ಗೋ ಇದ್ದಲ್ಲಿ ಗೋಸ್ ಮಾಡಿ, ಸೆಲ್ ಎಂಬುದನ್ನು ಫಿಶ್‌ಗಿಂತ ಮೊದಲು ತಂದು, "ಈಗ ಓದು" ಎಂದೆ. ಓದಿದಳು. ಮರುದಿನ ಇನ್ನೊಬ್ಬ ತನ್ನ ತಂದೆಯ ಗ್ಯಾರೇಜಿನ ಬಗ್ಗೆ ಹೇಳಲು ತಯಾರಾಗಿ ಬಂದಿದ್ದ. ಬೀಡಿ ಕಟ್ಟುವ ತಾಯಿಯ ಬಗ್ಗೆ ಮತ್ತೊಬ್ಬಳು.

ಇದರಲ್ಲಿ ಚಮತ್ಕಾರವೇನೂ ಇಲ್ಲ. ಭಾಷೆ ಕಲಿಯುವವನಿಗೆ ಹೇಳಲು ಏನಾದರೂ ಇರಬೇಕು, ಕೇಳುವವರು ಇರಬೇಕು, ಅಷ್ಟೇ. ಕಡಲತೀರದ ನಮ್ಮ ಮಕ್ಕಳಿಗೆ ಮಾತು ಹೊಸತಲ್ಲ. ಬರೆದಿಟ್ಟ ಸಂಭಾಷಣೆಯಿಲ್ಲದೆ ಆ ಕ್ಷಣಕ್ಕೆ ಅರ್ಥ ಕಟ್ಟುವ ತಾಳಮದ್ದಳೆ ಕೇಳುತ್ತಾ ಬೆಳೆಯುವ ಊರು ಇದು. ಇಂಗ್ಲಿಷಿನಲ್ಲೂ ಇಲ್ಲಿ ಯಕ್ಷಗಾನ ಆಡಿ ತೋರಿಸಿದ್ದಾರೆ. ಅಂಥ ನೆಲದ ಮಕ್ಕಳಿಗೆ ಇಂಗ್ಲಿಷಿನಲ್ಲಿ ಒಂದು ಮಾತಿನ ಅವಕಾಶವನ್ನೂ ಕೊಡದೆ ಹತ್ತನೇ ತರಗತಿ ಮುಗಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಮಂಗಳೂರಿಗೆ ಇಂಗ್ಲಿಷ್ ಶಾಲೆ ಬಂದ ಬಗೆಯನ್ನು ಇಲ್ಲಿ ನೆನಪಿಸಬೇಕು. 1834ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿಗೆ ಬಂದರು. ಮೊದಲು ತೆರೆದದ್ದು ಕನ್ನಡ ಶಾಲೆ. 1838ರಲ್ಲಿ ಇಂಗ್ಲಿಷ್ ಶಾಲೆ ಬಂತು. ಸರಕಾರದ ಪ್ರಾವಿನ್ಶಿಯಲ್ ಶಾಲೆ 1868ರಲ್ಲಿ. ಇಂದಿನ ಯೂನಿವರ್ಸಿಟಿ ಕಾಲೇಜಿನ ಮೂಲ ಅದು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರ ಕೆನರಾ ಹೈಸ್ಕೂಲ್, ಸ್ವಲ್ಪದರಲ್ಲೇ ಹೆಣ್ಣುಮಕ್ಕಳಿಗೆ ಅವರದೇ ಇನ್ನೊಂದು ಶಾಲೆ. ಇದೇ ಹೊತ್ತಿನಲ್ಲಿ, 1892ರಲ್ಲಿ, ಕುದ್ಮುಲ್ ರಂಗರಾಯರು ಎಲ್ಲಿಯೂ ಪ್ರವೇಶವಿಲ್ಲದ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, ಅದಕ್ಕಾಗಿ ಸ್ವಂತ ಸಮಾಜದ ಬಹಿಷ್ಕಾರವನ್ನೂ ಉಂಡರು. ಕೋರ್ಟು, ಕಲೆಕ್ಟರ್ ಕಚೇರಿ, ಹೆಂಚಿನ ಕಾರ್ಖಾನೆ, ಮುಂದೆ ಬ್ಯಾಂಕು ಹೀಗೆ ಸಂಬಳದ ಕೆಲಸವೆಲ್ಲ ಇಂಗ್ಲಿಷಿನ ಬಾಗಿಲ ಮೂಲಕವೇ ಎಂದಾದ ಕಾಲ. ಆ ಬಾಗಿಲು ಯಾರಿಗೆ ತೆರೆಯುತ್ತದೆ, ಯಾರಿಗೆ ಇಲ್ಲ ಎಂಬುದು ಆಗಲೇ ಇಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ಇಂದಿಗೂ ಅದು ಮುಗಿದಿಲ್ಲ.

ಈ ಚರಿತ್ರೆಯಲ್ಲಿ ನಾವು ಅಷ್ಟಾಗಿ ಗಮನಿಸದ ಸಂಗತಿಯೊಂದಿದೆ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್, ಕಿಟೆಲ್ ಮೊದಲಾದವರು ಜರ್ಮನ್ ಮಾತಾಡುವವರು. ಸಂತ ಅಲೋಶಿಯಸ್ ಕಟ್ಟಿದ ಜೆಸುಯಿಟ್ ಪಾದ್ರಿಗಳು ಇಟಲಿಯ ಕಡೆಯವರು. ಅಂದರೆ ಮಂಗಳೂರಿಗೆ ಇಂಗ್ಲಿಷ್ ಕಲಿಸಲು ಮೊದಲು ಮುಂದಾದವರಲ್ಲಿ ಬಹಳ ಮಂದಿಗೆ ಇಂಗ್ಲಿಷ್ ಮನೆಮಾತೇ ಅಲ್ಲ. ಅವರಿಗೂ ಅದು ಕಲಿತ ಭಾಷೆ. ಅದರ ಜೊತೆಗೆ ಅವರು ಇಲ್ಲಿನ ಭಾಷೆಗಳನ್ನೂ ಕಲಿತರು. ಆಂಜೆಲೊ ಮಾಫೈ ಪಾದ್ರಿಗಳ ಇಂಗ್ಲಿಷ್–ಕೊಂಕಣಿ ನಿಘಂಟು 1883ರದು. ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರದು. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಇಲ್ಲಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಹೊರಬಂತು. ಹನ್ನೊಂದು ವರ್ಷಗಳ ಒಳಗೆ ಮೂರು ಭಾಷೆಗಳ ಮೂರು ನಿಘಂಟು! ಊರವರ ಮಾತಿಗೆ ಕಿವಿಗೊಟ್ಟು, ಗಾದೆಗಳನ್ನು ಕೇಳಿ ಬರೆದುಕೊಂಡು ಮಾಡಿದ ಕೆಲಸ ಅದು. ಇದನ್ನು ನಾನು ತರಗತಿಯಲ್ಲಿ ಆಗಾಗ ಹೇಳುತ್ತಿದ್ದೆ. "ನಮ್ಮ ಇಂಗ್ಲಿಷಿನಲ್ಲಿ ತುಳುವಿನ ರಾಗ ಬರುತ್ತದೆ ಟೀಚರ್" ಎಂದು ನಾಚಿಕೊಳ್ಳುವ ಮಕ್ಕಳಿಗೆ ಈ ಊರಿನ ಮೊದಲ ಇಂಗ್ಲಿಷ್ ಮೇಷ್ಟ್ರುಗಳ ರಾಗ ಬೇರೆಯೇ ಇದ್ದಿರಬೇಕು ಎಂದು ತಿಳಿದರೆ ಎಷ್ಟೋ ಹಗುರವಾಗುತ್ತಿತ್ತು.

ಇನ್ನು ಓದಿನ ವಿಷಯ. ಎಂಟನೇ ತರಗತಿಯ ಇಂಗ್ಲಿಷ್ ಪಠ್ಯಪುಸ್ತಕವನ್ನು ಮಕ್ಕಳ ಕೈಯಿಂದ ತೆಗೆದುಕೊಂಡು ನೋಡಿದ್ದೀರಾ? ಅನೇಕ ಪುಸ್ತಕಗಳಲ್ಲಿ ಇಂಗ್ಲಿಷ್ ಸಾಲುಗಳ ಮೇಲೆ ಪೆನ್ಸಿಲಿನಲ್ಲಿ, ಸಣ್ಣ ಸಣ್ಣ ಕನ್ನಡ ಅಕ್ಷರಗಳಲ್ಲಿ ಉಚ್ಚಾರಣೆ ಬರೆದಿರುತ್ತದೆ. ಟೀಚರ್ ಓದುವಾಗ ಕಿವಿಗೆ ಬಿದ್ದದ್ದನ್ನು ಗಡಿಬಿಡಿಯಲ್ಲಿ ಗೀಚಿಕೊಂಡದ್ದು. ಕೆಲವು ಅಧ್ಯಾಪಕರು ಅದನ್ನು ಕಂಡರೆ ಗದರುತ್ತಾರೆ. ನಾನು ಆ ಪೆನ್ಸಿಲ್ ಬರಹವನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ. ಇಂಗ್ಲಿಷ್ ಆ ನಂಬಿಕೆಯನ್ನು ಹೆಜ್ಜೆಹೆಜ್ಜೆಗೂ ಮುರಿಯುತ್ತದೆ. ಮಗು ಆಗ ತನಗೆ ಗೊತ್ತಿರುವ, ತನಗೆ ಎಂದೂ ಮೋಸ ಮಾಡದ ಅಕ್ಷರಗಳ ಆಸರೆ ಹಿಡಿಯುತ್ತದೆ. ಅದು ಸೋಮಾರಿತನವಲ್ಲ, ಬುದ್ಧಿವಂತಿಕೆ. ಯಾವ ಪದದ ಮೇಲೆ ಕನ್ನಡ ಬರೆದಿದ್ದಾರೆ, ಯಾವುದರ ಮೇಲೆ ಇಲ್ಲ ಎಂದು ನೋಡಿದರೆ ಮಗುವಿಗೆ ಎಷ್ಟು ಓದಲು ಬರುತ್ತದೆ ಎಂಬುದು ಯಾವ ಪರೀಕ್ಷೆಗಿಂತಲೂ ಸ್ಪಷ್ಟವಾಗಿ ಗೊತ್ತಾಗುತ್ತದೆ.

ನಾನು ಮಾಡುತ್ತಿದ್ದದ್ದು ಇಷ್ಟು: ಒಂದೇ ಪಾಠವನ್ನು ಮೂರು ನಾಲ್ಕು ಸಲ ಗಟ್ಟಿಯಾಗಿ ಓದಿ ಹೇಳುವುದು, ಮಕ್ಕಳ ಬೆರಳು ಸಾಲಿನ ಮೇಲಿರಬೇಕು. ಆಮೇಲೆ ರಬ್ಬರು ತೆಗೆದುಕೊಳ್ಳಿ ಎನ್ನುವುದು. ಬೇಡವೆನಿಸಿದ ಕನ್ನಡವನ್ನು ಅವರವರೇ ಅಳಿಸಬೇಕು, ಬೇಕಾದದ್ದು ಇರಲಿ. ವಾರ ಕಳೆದಂತೆ ಪುಟ ಬೆಳ್ಳಗಾಗುತ್ತಾ ಬರುವುದನ್ನು ಮಕ್ಕಳೇ ಕಂಡು ಹಿಗ್ಗುತ್ತಿದ್ದರು. ಒಬ್ಬ ಹುಡುಗ ಒಂಬತ್ತನೇ ತರಗತಿಯ ದೀಪಾವಳಿ ರಜೆ ಮುಗಿಸಿ ಬಂದು, ಇಡೀ ಪುಸ್ತಕ ಅಳಿಸಿಬಿಟ್ಟಿದ್ದೇನೆ ಎಂದು ತೋರಿಸಿದ್ದ. ಓದಿಸಿದೆ, ನಿಜವಾಗಿಯೂ ಓದಿದ.

ಪದ್ಯಗಳಿಗೂ ಇದೇ ಮಾತು. ಪಂಜೆ ಮಂಗೇಶರಾಯರ ಪದ್ಯಗಳು ನಮ್ಮ ಜಿಲ್ಲೆಯ ಮಕ್ಕಳಿಗೆ ಅರ್ಥ ಬರೆಸುವ ಮೊದಲೇ ಬಾಯಿಗೆ ಬಂದಿರುತ್ತವೆ. ಇಂಗ್ಲಿಷ್ ಪದ್ಯವನ್ನು ಮಾತ್ರ ನಾವು ಮೊದಲ ದಿನವೇ ಸಾರಾಂಶ ಮಾಡಿ ಬರೆಸುತ್ತೇವೆ. ನಾನು ಪಾಠ ಮಾಡಿದ ಹತ್ತನೇ ತರಗತಿಯ ಪುಸ್ತಕದಲ್ಲಿ ವಿನಾಯಕ ಕೃಷ್ಣ ಗೋಕಾಕರು ಇಂಗ್ಲಿಷಿನಲ್ಲಿ ಬರೆದ ಕವಿತೆಯೊಂದಿತ್ತು. ಹೈಸ್ಕೂಲಿನಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಇರಬೇಕೆಂದು ವರದಿ ಕೊಟ್ಟ ಗೋಕಾಕರೇ ಅವರು, 1981ರಲ್ಲಿ. ವೃತ್ತಿಯಿಂದ ಇಂಗ್ಲಿಷ್ ಪ್ರಾಧ್ಯಾಪಕರು, ಕನ್ನಡದ ದೊಡ್ಡ ಕವಿ, ಜ್ಞಾನಪೀಠ ಪಡೆದವರು. ಕನ್ನಡ ಬೇಕೆನ್ನುವವರು ಇಂಗ್ಲಿಷಿನ ವೈರಿಗಳೆಂದು ಯಾರಾದರೂ ಹೇಳಿದರೆ ನಾನು ಆ ಪುಟವನ್ನು ತೆರೆದು ತೋರಿಸುತ್ತಿದ್ದೆ.

ಆದರೆ ಹತ್ತನೇ ತರಗತಿ ಬಂತೆಂದರೆ ಬೇರೆಯೇ ಗಾಳಿ. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ದ್ವಿತೀಯ ಭಾಷೆ, ನೂರು ಅಂಕ. ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 80ರಲ್ಲಿ ಕಿವಿಗೂ ಬಾಯಿಗೂ ಕೆಲಸವಿಲ್ಲ. ನವೆಂಬರ್ ದಾಟಿದರೆ ಪಾಠಪುಸ್ತಕ ಚೀಲದಲ್ಲೇ ಉಳಿಯುತ್ತದೆ. ನೀಲನಕ್ಷೆ, ಹಳೆಯ ಪ್ರಶ್ನೆಪತ್ರಿಕೆ, ಪಾಸಿಂಗ್ ಪ್ಯಾಕೇಜ್ ಹೊರಬರುತ್ತವೆ. ಯಾವ ಪದ್ಯದ ಎಷ್ಟು ಸಾಲು ಬಾಯಿಪಾಠ ಮಾಡಬೇಕು, ಪತ್ರಲೇಖನದಲ್ಲಿ ವಿಳಾಸಕ್ಕೆಷ್ಟು ಅಂಕ, ಚಿತ್ರ ನೋಡಿ ವಿವರಿಸುವ ಪ್ರಶ್ನೆಗೆ ಯಾವ ಚಿತ್ರ ಬಂದರೂ ಹೊಂದುವ ನಾಲ್ಕು ವಾಕ್ಯಗಳು ಯಾವುವು. ಫಲಿತಾಂಶಪಟ್ಟಿಯಲ್ಲಿ ಮೇಲಿನ ಸ್ಥಾನಕ್ಕೆ ಸದಾ ಪೈಪೋಟಿ ನಡೆಸುವ ಜಿಲ್ಲೆ ನಮ್ಮದು. ಆ ಒತ್ತಡದಲ್ಲಿ ದುಡಿಯುವ ಅಧ್ಯಾಪಕರನ್ನು ನಾನು ದೂರುವುದಿಲ್ಲ. ಹಿಂದೆ ಬಿದ್ದ ಮಗುವನ್ನು ದಡ ಸೇರಿಸಲೇಬೇಕೆಂಬ ಕಳಕಳಿ ಅವರದು. ಆದರೆ ಪ್ಯಾಕೇಜಿನಿಂದ ತೇರ್ಗಡೆಯಾದ ಮಗು ಜೂನ್ ತಿಂಗಳಲ್ಲಿ ಪಿಯುಸಿಯ ವಿಜ್ಞಾನ ತರಗತಿಗೆ ಹೋಗಿ ಕೂತಾಗ ಏನಾಗುತ್ತದೆಂದು ಯಾರಾದರೂ ನೋಡಬೇಡವೇ?

ಅಲ್ಲಿ ಭಾಷೆಯ ವಿಷಯಗಳನ್ನು ಬಿಟ್ಟು ಉಳಿದ ಎಲ್ಲ ಪುಸ್ತಕಗಳೂ ಇಂಗ್ಲಿಷ್. ಹತ್ತನೆಯ ತನಕ ವೇಗೋತ್ಕರ್ಷ ಎಂದು ಓದಿ, ಲೆಕ್ಕ ಮಾಡಿ, ಪೂರ್ತಿ ಅಂಕ ತೆಗೆದವನ ಮುಂದೆ ಆಕ್ಸಿಲರೇಷನ್ ಬಂದು ನಿಲ್ಲುತ್ತದೆ. ಸಂವೇಗ ಹೋಗಿ ಮೊಮೆಂಟಮ್, ಜಡತ್ವ ಹೋಗಿ ಇನರ್ಷಿಯಾ, ದ್ಯುತಿಸಂಶ್ಲೇಷಣೆ ಹೋಗಿ ಫೋಟೋಸಿಂಥೆಸಿಸ್. ವಿಷಯ ಅವನಿಗೆ ಗೊತ್ತಿದೆ, ಗೊತ್ತಿರುವುದು ಅವನಿಗೇ ತಿಳಿಯುವುದಿಲ್ಲ! ಪದಗಳನ್ನಾದರೂ ಒಂದು ತಿಂಗಳಲ್ಲಿ ಕಲಿತುಕೊಳ್ಳಬಹುದು. ಅವನ್ನು ಹೊತ್ತ ವಾಕ್ಯಗಳೇ ಹೆಚ್ಚು ಕಷ್ಟ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿಯವರೆಗೆ ಕಾಯುವುದು ನಮ್ಮ ಮನಸ್ಸಿಗೆ ರೂಢಿ. ವಿಜ್ಞಾನದ ಇಂಗ್ಲಿಷಿನಲ್ಲಿ ಅದು ಮೊದಲೇ ಬಂದು, ಷರತ್ತುಗಳೆಲ್ಲ ಹಿಂದಿನಿಂದ ಒಂದರ ಬೆನ್ನಿಗೆ ಒಂದು ಬರುತ್ತವೆ. ಹೈಸ್ಕೂಲಿನ ಇಂಗ್ಲಿಷ್ ಪುಸ್ತಕದಲ್ಲಿ ಆರ್. ಕೆ. ನಾರಾಯಣರ ಕತೆ ಓದಿದ್ದಾನೆ, ರಸ್ಕಿನ್ ಬಾಂಡ್‌ರ ಪದ್ಯ ಓದಿದ್ದಾನೆ. ಅವು ಬೇಕು, ಖಂಡಿತ ಬೇಕು. ಆದರೆ ಒಂದು ನಿಯಮವನ್ನು ನಿರೂಪಿಸುವ ವಾಕ್ಯವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಓದುವುದನ್ನು ಅವನಿಗೆ ಯಾರೂ ತೋರಿಸಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದವರು ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಕುಸಿದು, ವಿಜ್ಞಾನವೇ ನನಗಾಗದು ಎಂದು ಕಾಮರ್ಸಿಗೋ ಕಲೆಗೋ ಹೋದದ್ದನ್ನು ನಾನು ಕಂಡಿದ್ದೇನೆ. ಕಾಮರ್ಸಾಗಲಿ ಕಲೆಯಾಗಲಿ ಕಡಿಮೆಯಲ್ಲ, ಆದರೆ ಅದು ಅವರ ಆಯ್ಕೆಯಾಗಿರಲಿಲ್ಲ.

ಇದನ್ನು ಹೈಸ್ಕೂಲಿನಲ್ಲೇ ಸರಿಪಡಿಸಬಹುದು. ಒಂಬತ್ತನೇ ತರಗತಿಯಿಂದ ವಾರಕ್ಕೊಂದು ಪೀರಿಯಡ್ ವಿಜ್ಞಾನದ ಅಧ್ಯಾಪಕರೂ ಇಂಗ್ಲಿಷ್ ಅಧ್ಯಾಪಕರೂ ಒಟ್ಟಿಗೆ ತರಗತಿಗೆ ಹೋಗಲಿ. ಆ ವಾರ ಕನ್ನಡದಲ್ಲಿ ಪಾಠವಾದ ಭಾಗದಿಂದಲೇ ಒಂದು ಪುಟ ಇಂಗ್ಲಿಷಿನಲ್ಲಿ ಓದಿಸಲಿ. ಇಂಗ್ಲಿಷ್ ಮಾಧ್ಯಮಕ್ಕೆಂದು ಅದೇ ಪಠ್ಯದ ಇಂಗ್ಲಿಷ್ ಪುಸ್ತಕ ನಮ್ಮ ಸರಕಾರವೇ ಮುದ್ರಿಸುತ್ತದೆ, ಹೊಸತಾಗಿ ಬರೆಯಬೇಕಾದದ್ದು ಏನೂ ಇಲ್ಲ. ಎರಡು ಪುಸ್ತಕ ಅಕ್ಕಪಕ್ಕ ಇಟ್ಟುಕೊಂಡು ಓದಿದರೆ ಗೊತ್ತಿರುವ ವಿಷಯವೇ ಗೊತ್ತಿಲ್ಲದ ಭಾಷೆಯನ್ನು ಕಲಿಸುತ್ತದೆ.

ಇಲ್ಲಿ ತಂದೆತಾಯಂದಿರು ಕೇಳುವ ಪ್ರಶ್ನೆ ನನಗೆ ಗೊತ್ತು: ಇಷ್ಟೆಲ್ಲ ಕಷ್ಟ ಯಾಕೆ ಟೀಚರ್, ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದರೆ ಮುಗಿಯಲಿಲ್ಲವಾ? ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಕಡ್ಡಾಯ ಮಾಡುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. 2019ರಿಂದ ಸರಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾಗಿವೆ. ಅದು ನಿಮ್ಮ ಆಯ್ಕೆ, ನಾನು ತಪ್ಪೆನ್ನಲಾರೆ. ಆದರೆ ಮನೆಯಲ್ಲೂ ಇಲ್ಲದ, ಬೀದಿಯಲ್ಲೂ ಇಲ್ಲದ ಭಾಷೆಯಲ್ಲಿ ಗಣಿತ, ಪರಿಸರ ಎಲ್ಲವನ್ನೂ ಬಾಯಿಪಾಠ ಮಾಡುವ ಪುಟ್ಟ ಮಕ್ಕಳನ್ನೂ ನಾನು ನೋಡಿದ್ದೇನೆ. ಅವರಲ್ಲಿ ಕೆಲವರು ಹೈಸ್ಕೂಲಿಗೆ ಬರುವಾಗ ಕನ್ನಡವನ್ನೂ ಸರಾಗವಾಗಿ ಓದಲಾರರು, ಇಂಗ್ಲಿಷ್ ಪತ್ರಿಕೆಯನ್ನೂ ಓದಲಾರರು. ಮೀಡಿಯಂ ಬದಲಾದ ಮಾತ್ರಕ್ಕೆ ಇಂಗ್ಲಿಷ್ ಬರುವುದಿಲ್ಲ.

ಹರೇಕಳ ಹಾಜಬ್ಬರ ಕತೆ ನಿಮಗೆಲ್ಲ ಗೊತ್ತು. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು, ಇವರಿಗೆ ಬ್ಯಾರಿ ಮತ್ತು ತುಳು ಬಿಟ್ಟರೆ ಬೇರೆ ಭಾಷೆ ತಿಳಿಯದು, ಅವರು ಹೊರಟುಹೋದರು. ಆ ಸಂಕಟದಿಂದ ಹುಟ್ಟಿದ್ದು ಹರೇಕಳದ ನ್ಯೂಪಡ್ಪುವಿನ ಶಾಲೆ. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಈ ಕತೆಯನ್ನು ಹೇಳುವವರು ಹೆಚ್ಚಾಗಿ ಇಂಗ್ಲಿಷ್ ಬಾರದ ನೋವಿನಲ್ಲಿಯೇ ನಿಲ್ಲುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ಮುಂದಿನದು. ಹಾಜಬ್ಬರು ಓಡಾಡಿದ್ದು ತಮ್ಮೂರಿನ ಮಕ್ಕಳಿಗೊಂದು ಸರಕಾರಿ ಕನ್ನಡ ಶಾಲೆ ಬೇಕೆಂದು. ಕಚೇರಿಯಿಂದ ಕಚೇರಿಗೆ ಅಲೆದು, ದುಡಿದ ಹಣ ಸುರಿದು, ಅದನ್ನು ಹೈಸ್ಕೂಲಿನ ತನಕ ಬೆಳೆಸಿದರು. ಇಂಗ್ಲಿಷ್ ಕೂಡ ಕಲಿಸಬಲ್ಲ ಒಳ್ಳೆಯ ಶಾಲೆ ಬೇಕು ಎಂಬುದನ್ನು ಅವರು ಸರಿಯಾಗಿಯೇ ಕಂಡುಕೊಂಡರೆಂದು ನನ್ನ ಭಾವನೆ.

ಮನೆಯಲ್ಲಿ ಹೈಸ್ಕೂಲಿನ ಮಕ್ಕಳಿರುವವರಿಗೆ ಕೆಲವು ಮಾತು ಹೇಳುತ್ತೇನೆ. ನಿಮಗೆ ಇಂಗ್ಲಿಷ್ ಬರಬೇಕೆಂದಿಲ್ಲ. ದಿನಾ ಹತ್ತು ನಿಮಿಷ ಮಗು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದಲಿ, ನೀವು ಅಡುಗೆಮನೆಯಲ್ಲಿದ್ದುಕೊಂಡೇ ಕೇಳಿ. ಓದಿ ಮುಗಿದ ಮೇಲೆ "ಏನುಂಟು ಅದರಲ್ಲಿ?" ಎಂದು ತುಳುವಿನಲ್ಲೋ ಕೊಂಕಣಿಯಲ್ಲೋ ಕೇಳಿ. ಮಗು ನಿಮ್ಮ ಭಾಷೆಯಲ್ಲಿ ಹೇಳಲಿ. ಹೇಳಲು ಬಂದರೆ ಅರ್ಥವಾಗಿದೆ ಎಂದು ತಿಳಿಯಿರಿ. ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಬರುತ್ತದೆ, ಕ್ರಿಕೆಟ್ ವೀಕ್ಷಕ ವಿವರಣೆ ಬರುತ್ತದೆ. ಕನ್ನಡ ವಾರ್ತೆಯನ್ನು ಮೊದಲು ಕೇಳಿದ ಮಗುವಿಗೆ ಅದೇ ಸುದ್ದಿ ಇಂಗ್ಲಿಷಿನಲ್ಲಿ ಬಂದಾಗ ಅರ್ಧ ದಾರಿ ಸುಗಮವಾಗಿರುತ್ತದೆ. ಹಿಂದೆ ಶಾಲೆಗಳಿಗಾಗಿ ಕೇಳಿ–ಕಲಿ ಎಂಬ ಕಾರ್ಯಕ್ರಮ ಆಕಾಶವಾಣಿಯಲ್ಲಿ ಬರುತ್ತಿತ್ತು. ಅಂಥದ್ದು ಹೈಸ್ಕೂಲಿನ ಮಕ್ಕಳಿಗೂ, ಮಂಗಳೂರು ನಿಲಯದಿಂದಲೇ, ನಮ್ಮ ಮಕ್ಕಳದೇ ಸ್ವರದಲ್ಲಿ ಬರಬೇಕೆಂದು ನನ್ನ ಆಸೆ.

ಹತ್ತನೇ ತರಗತಿಯ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ತನಕದ ಆ ಬೇಸಿಗೆಯನ್ನು ಕೈಬಿಡಬೇಡಿ. ಮದುವೆ, ಜಾತ್ರೆ, ಅಜ್ಜಿಮನೆ ಎಲ್ಲವೂ ಇರಲಿ. ಜೊತೆಗೆ ಪಿಯುಸಿ ಮೊದಲ ವರ್ಷದ ಹಳೆಯ ಪುಸ್ತಕವೊಂದನ್ನು ಮೇಲಿನ ತರಗತಿಯವರಿಂದ ಈಗಲೇ ಕೇಳಿ ತನ್ನಿ. ಮೊದಲ ಎರಡು ಪಾಠ ಸಾಕು. ಕನ್ನಡದ ಹತ್ತನೇ ತರಗತಿಯ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ನಿಘಂಟು ಹಿಡಿದು ನಿಧಾನವಾಗಿ ಓದಲಿ. ಮನೆಯಲ್ಲಿ ನಿಘಂಟಿಲ್ಲದಿದ್ದರೆ ಬಾವುಟಗುಡ್ಡೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ, ಕೂತು ಓದಲು ಅಲ್ಲಿ ಜಾಗ ಉಂಟು. ಇಬ್ಬರು ಮೂವರು ಗೆಳೆಯರು ಸೇರಿ ಓದಿದರೆ ಇನ್ನೂ ಒಳ್ಳೆಯದು, ಒಬ್ಬನಿಗೆ ಸಿಕ್ಕದ ವಾಕ್ಯ ಇನ್ನೊಬ್ಬನಿಗೆ ಸಿಗುತ್ತದೆ.